ನೀಲಿ ಬಾಗಿಲಿನ ವಿಳಾಸ

ಆಕೆ ಕರವಸ್ತ್ರದ ಗಂಟು ಬಿಚ್ಚಿ ಮುರಿದ ಕನ್ನಡಕವನ್ನು ಗಾಜಿನ ಮೇಜಿನ ಮೇಲಿಟ್ಟಾಗ ಇರಜ್‌ಗೆ ಗುರುತು ಹತ್ತಿದ್ದು ಕನ್ನಡಕದ್ದು. ಎಡಗಡೆಯ ಕಡ್ಡಿಗೆ ಹಿತ್ತಾಳೆಯ ತಿರುಪು ಸಿಗದೆ ಅವನೇ ಹಾಕಿದ್ದ ಉಕ್ಕಿನ ತಿರುಪು ಹಾಗೇ ಇತ್ತು. ಒಂದು ಗಾಜು ಇರಲೇ ಇಲ್ಲ. ಇನ್ನೊಂದು ನಡುವೆ ಸೀಳಿತ್ತು. ಎರಡು ವರ್ಷದ ಹಿಂದೆ ಅದನ್ನು ಅಂಚೆಯಲ್ಲಿ ಪಾವೆ ಎಂಬ ಊರಿಗೆ ಕಳಿಸಿದ್ದ. ತರಿಸಿಕೊಂಡವರ ಮುಖ ನೋಡಿರಲಿಲ್ಲ.

"ನಿಮ್ಮ ಅಂಗಡೀದೇ ಅಲ್ವಾ ಇದು?" ಎಂದಳು ಆಕೆ. ಅರವತ್ತರ ಹತ್ತಿರದ ಹೆಂಗಸು, ಬೂದು ಬಣ್ಣದ ಕೋಟು, ತಲೆವಸ್ತ್ರದ ಅಂಚಿನಲ್ಲಿ ಹಿಮದ ಪುಡಿ. ಕನ್ನಡಕವಿಲ್ಲದೆ ಅವನ ಮುಖದ ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದಳು.

"ಹೌದು, ಖಾನಮ್."

"ಹಾಗಿದ್ರೆ ನಂಬರು ನಿಮ್ಮ ಪುಸ್ತಕದಲ್ಲೇ ಇರತ್ತೆ. ಎಂ. ಅಜೀಜಿ, ಪಾವೆ. ಎಂ ಅಂದ್ರೆ ಮಹ್‌ಲಕಾ." ಆಕೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. "ನಿಮ್ಮ ಆಟದಲ್ಲಿ ನನ್ನ ಕೂಹ್‌ಕನ್ ಅಂತಾರೆ."

ಪುಸ್ತಕಕ್ಕೆ ಚಾಚಿದ್ದ ಇರಜ್‌ನ ಕೈ ಅಲ್ಲೇ ನಿಂತಿತು.

ಕೆರ್ಮಾನ್‌ಶಾಹ್ ನಗರದ ಆ ಬೀದಿಗೆ ಇರಜ್ ಮೊರಾದಿ ಒಬ್ಬ ಕನ್ನಡಕದವನು, ಅಷ್ಟೇ. ಆದರೆ ಸಂಜೆ ಆರಕ್ಕೆ ಅಂಗಡಿಯ ಕದ ಅರ್ಧ ಇಳಿಸಿ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತನೆಂದರೆ ನಲವತ್ತು ಜನರ ನಾಯಕ. ಟ್ಯಾಂಕುಗಳ ಯುದ್ಧದ ಆಟ. ಅವರ ತಂಡಕ್ಕೆ ಹತ್ತಿರದ ಬೆಟ್ಟದ ಹೆಸರು, ಬೀಸೋತೂನ್. ಹುಡುಗರು ಊರೂರುಗಳಿಂದ ಸೇರುತ್ತಿದ್ದರು, ಕಿವಿಯಲ್ಲಿ ಅವನ ದನಿ ಕೇಳಿ ಮುನ್ನುಗ್ಗುತ್ತಿದ್ದರು, ಹಿಂದೆ ಸರಿಯುತ್ತಿದ್ದರು. ಮೂವತ್ತಾರು ವರ್ಷದ ಬದುಕಿನಲ್ಲಿ ಬೇರೆಲ್ಲೂ ಅವನ ಮಾತಿಗೆ ಅಷ್ಟು ಬೆಲೆ ಸಿಕ್ಕಿರಲಿಲ್ಲ. ಆ ತಂಡದಲ್ಲಿ ಎಂದೂ ಮಾತಾಡದೆ ಬರೀ ಬರೆದು ಹೇಳುತ್ತಿದ್ದವನು ಕೂಹ್‌ಕನ್ ಒಬ್ಬನೇ. ಬೆಟ್ಟ ಕಡಿಯುವವನೆಂದು ಹೆಸರಿಟ್ಟುಕೊಂಡು ದಿಬ್ಬಗಳ ಹಿಂದೆ ಅವನು ಅಡಗುವ ರೀತಿಗೆ ಹುಡುಗರೆಲ್ಲ ಬೆರಗಾಗುತ್ತಿದ್ದರು. ಅವನು ಒಮ್ಮೆ ಖಾಸಗಿಯಾಗಿ ಬರೆದಿದ್ದ: ನಮ್ಮೂರಲ್ಲಿ ಒಳ್ಳೆ ಗಾಜು ಸಿಗೋದಿಲ್ಲ, ನೀವು ಕನ್ನಡಕದವರಂತೆ, ಡಾಕ್ಟರ ಚೀಟಿ ಕಳಿಸಲಾ? ಇರಜ್ ಹೆಮ್ಮೆಯಿಂದ ಮಾಡಿಕೊಟ್ಟಿದ್ದ.

ಕಳೆದ ಶರತ್ಕಾಲದಲ್ಲಿ ತವಕ್ಕೋಲಿ ಎಂಬುವವರು ದೂರದೃಷ್ಟಿಯ ಕನ್ನಡಕಕ್ಕೆಂದು ಬಂದರು. ಯುವಕರ ಕ್ರೀಡೆ ನೋಡಿಕೊಳ್ಳುವ ಕಚೇರಿಯವರು ಎಂದರು. ಯಾವ ಕಚೇರಿ ಎಂದು ಇರಜ್ ಕೇಳಲಿಲ್ಲ. ಈ ಆಟದ ದೊಡ್ಡ ಪಂದ್ಯಾವಳಿ ನಡೆಯಲಿದೆ, ಚೆನ್ನಾಗಿ ಆಡಿದವರಿಗೆ ಸೇನೆಯ ಕಡ್ಡಾಯ ಸೇವೆಯನ್ನು ಡ್ರೋನ್ ವಿಭಾಗದಲ್ಲೇ ಕೊಡುತ್ತಾರೆ, ವೇದಿಕೆಯ ಮೇಲೆ ಕೂತು ಆಟ ವಿವರಿಸಲು ನಿಮ್ಮಂಥ ದನಿಯೇ ಬೇಕು ಎಂದರು. ಅರ್ಜಿಗಳನ್ನೂ ಕೊಟ್ಟರು, ಒಂದೊಂದಕ್ಕೆ ಎರಡು ಪುಟ. ಇರಜ್ ಅವನ್ನು ತಂಡದ ಗುಂಪಿಗೆ ಹಾಕಿದ ದಿನವೇ ಕೂಹ್‌ಕನ್ ಕೆಳಗೆ ಬರೆದ: "ಎರಡನೇ ಪುಟ ಓದಿ. ನಿಮ್ಮ ಫೋನು, ನಿಮ್ಮ ಮಾತು, ನಿಮ್ಮ ಸ್ನೇಹಿತರ ಹೆಸರು ಎಲ್ಲ ಅವರಿಗೆ ಬರೆದುಕೊಟ್ಟ ಹಾಗೆ. ಓದದೆ ಸಹಿ ಹಾಕಬೇಡಿ ಮಕ್ಕಳಾ."

ಇರಜ್ ಅದನ್ನು ಅಳಿಸಿದ. ಮತ್ತೆ ಬಂತು, ಮತ್ತೆ ಅಳಿಸಿದ. ಐದು ಸಲ.

ತಿಂಗಳು ಕಳೆದ ಮೇಲೆ ತವಕ್ಕೋಲಿ ತಿರುಗಿ ಬಂದರು. ಇರಜ್ ಟೀ ಕೊಟ್ಟ. ಸಕ್ಕರೆ ತುಂಡನ್ನು ದವಡೆಗೆ ಒತ್ತಿಕೊಂಡು ಅವರು ಕೇಳಿದರು: "ಆ ಕೂಹ್‌ಕನ್ ಯಾರು ಅಂತ ನಿಮಗೇನಾದ್ರೂ ಅಂದಾಜಿದ್ಯಾ? ಇಲ್ದಿದ್ರೂ ಪರವಾಗಿಲ್ಲ. ನಮ್ಮವರು ಹುಡುಕ್ತಾರೆ, ಸ್ವಲ್ಪ ತಡ ಆಗತ್ತೆ ಅಷ್ಟೆ."

ಇರಜ್ ಎದ್ದು ಹೋಗಿ ಪುಸ್ತಕ ತಂದ. ವಿಳಾಸವನ್ನು ತಾನೇ ಓದಿ ಹೇಳಿದ. ಓದುವಾಗ ಅದರ ಪಕ್ಕದಲ್ಲಿದ್ದ ನಂಬರೂ ಕಣ್ಣಿಗೆ ಬಿತ್ತು. ದೂರಕ್ಕೊಂದು, ಅದರ ಮೇಲೆ ಹತ್ತಿರದ ಓದಿಗೆ ಎರಡೂವರೆ. ಐವತ್ತೈದು ದಾಟಿದ ಕಣ್ಣಿಗಲ್ಲದೆ ಯಾರೂ ಅದನ್ನು ಬರೆಯುವುದಿಲ್ಲ ಎಂಬುದು ಅವನ ಕಸುಬಿನ ಮೊದಲ ಪಾಠ. ಯಾರನ್ನು ತೋರಿಸಿಕೊಡುತ್ತಿದ್ದೇನೆಂದು ಗೊತ್ತಿರಲಿಲ್ಲ ಎನ್ನಲು ಅವನಿಗೆ ದಾರಿಯೇ ಇರಲಿಲ್ಲ.

ಈಗ ಆ ಕಣ್ಣುಗಳು ಅವನೆದುರು ಕೂತಿದ್ದವು.

"ಕೂತ್ಕೊಳಿ ಖಾನಮ್," ಎಂದ, ಆಕೆ ಆಗಲೇ ಕೂತಿದ್ದರೂ. "ಮಧ್ಯಾಹ್ನದೊಳಗೆ ಮಾಡಿಕೊಡ್ತೀನಿ. ಹೇಗೆ ಮುರೀತು?"

"ಮನೆ ಮೆಟ್ಟಿಲ ಮೇಲೆ ಬಿತ್ತು. ಯಾರದೋ ಬೂಟಿನಡಿ ಹೋಯ್ತು." ಆಕೆಯ ದನಿಯಲ್ಲಿ ದೂರು ಇರಲಿಲ್ಲ. "ಐದು ಜನ ಬಂದಿದ್ರು. ಹುಡುಗನ್ನ ಹುಡುಕ್ಕೊಂಡು. ಮಂಚದ ಕೆಳಗೆ, ಅಟ್ಟದ ಮೇಲೆ, ಉಪ್ಪಿನಕಾಯಿ ಜಾಡಿ ಸಂದಿ, ಎಲ್ಲ ನೋಡಿದ್ರು. ಕೂಹ್‌ಕನ್ ಎಲ್ಲಿ, ಹೊರಗೆ ಕರೀರಿ ಅಂದ್ರು. ನಾನೇ ಅಂದೆ. ಒಬ್ಬ ನಕ್ಬಿಟ್ಟ, ಪಾಪ, ಚಿಕ್ಕವನು. ಅಜ್ಜಿ, ತಮಾಷೆ ಬೇಡ ಅಂದ."

ಇರಜ್ ನಗಲಿಲ್ಲ. ಗಾಜನ್ನು ಉಜ್ಜುವ ಚಕ್ರದ ಕಡೆ ತಿರುಗಿ ನಿಂತ.

"ಮೂವತ್ತು ವರ್ಷ ಭೂಗೋಳ ಪಾಠ ಮಾಡಿದೀನಿ ಕಣಪ್ಪ. ನಕಾಶೆ ಕೊಟ್ರೆ ಯಾವ ದಿಬ್ಬದ ಹಿಂದೆ ಏನು ಅಡಗತ್ತೆ ಅಂತ ಹೇಳ್ಬಹುದು. ನಿವೃತ್ತಿ ಆದ್ಮೇಲೆ ಹೊತ್ತು ಹೋಗ್ತಿರ್ಲಿಲ್ಲ. ಈ ಹುಡುಗ್ರ ಜೊತೆ ಚೆನ್ನಾಗಿತ್ತು." ಸ್ವಲ್ಪ ತಡೆದು ಹೇಳಿದಳು: "ಹನ್ನೊಂದು ದಿನ ಇಟ್ಕೊಂಡಿದ್ರು. ಇನ್ನು ಆಟದ ಹತ್ರ ಬರಲ್ಲ ಅಂತ ಬರೆಸ್ಕೊಂಡು ಬಿಟ್ರು. ಬಂದ್ರೆ ಪಿಂಚಣಿ ನಿಲ್ಲತ್ತೆ."

ಚಕ್ರ ತಿರುಗಿತು. ಗಾಜಿನ ಅಂಚಿನಿಂದ ಬಿಳಿಯ ನೀರು ಇಳಿಯತೊಡಗಿತು. ಚಕ್ರ ನಿಲ್ಲುವುದೇ ಬೇಡ ಎನಿಸಿತು ಅವನಿಗೆ. ಆದರೆ ಗಾಜು ಬೇಗ ಮುಗಿಯುವಂಥದ್ದು. ಅವನು ಚಕ್ರ ನಿಲ್ಲಿಸಿದಾಗ ಆಕೆ ಅದಕ್ಕೇ ಕಾದಿದ್ದವಳಂತೆ ಹೇಳಿದಳು:

"ಅವರ ಕೈಲಿದ್ದ ಕಾಗದದಲ್ಲಿ ನೀಲಿ ಬಾಗಿಲು ಅಂತ ಬರೆದಿತ್ತು. ಬೀದಿ ಎಲ್ಲ ನೀಲಿ ಬಾಗಿಲು ಹುಡುಕಿ, ಸಿಕ್ಕಿದ ಮನೇವ್ರನ್ನೆಲ್ಲ ಎಬ್ಬಿಸಿ, ಕೊನೆಗೆ ನಮ್ಮನೆಗೆ ಬಂದ್ರು. ಹೋದ ವರ್ಷ ನಾನು ಹಸಿರು ಬಣ್ಣ ಬಳಿಸಿದೀನಿ. ನಮ್ಮ ಅಂಚೆಯವನಿಗೆ ಬಾಗಿಲು ಹೇಳೋದೇ ಬೇಕಿಲ್ಲ. ನೀಲಿ ಬಾಗಿಲು ಅಂತ ನಾನು ಬರ್ಕೊಟ್ಟಿದ್ದು ಒಬ್ಬರಿಗೇ."

ಇರಜ್‌ನ ಕೈಯಲ್ಲಿ ಗಾಜು ಒದ್ದೆಯಾಗಿತ್ತು. ಒರೆಸಿದ. ಮತ್ತೆ ಒರೆಸಿದ. ಇಂಥ ದಿನ ಬಂದರೆ ಹೇಳಬೇಕೆಂದು ಅವನು ಒಂದು ಕಥೆ ಕಟ್ಟಿಟ್ಟುಕೊಂಡಿದ್ದ. ಬೆದರಿಸಿದರು, ಅಂಗಡಿ ಮುಚ್ಚಿಸುತ್ತೇವೆಂದರು, ಹೆಂಡತಿ ಬಸುರಿ ಎಂದು. ಹೆಂಡತಿ ಬಸುರಿ ಎಂಬುದೊಂದು ಮಾತ್ರ ಅದರಲ್ಲಿ ನಿಜ.

"ಹೊಡೆದ್ರಾ ನಿಮಗೆ?" ಆಕೆ ಕೇಳಿದಳು. ಕೇಳುವಾಗ ದನಿ ಮೆತ್ತಗಾಯಿತು. ಹೂಂ ಎಂದರೆ ಸಾಕು, ಮನ್ನಿಸಲು ಸಿದ್ಧಳಿದ್ದಾಳೆ ಎಂದು ಅವನಿಗೆ ತಿಳಿಯಿತು.

"ಇಲ್ಲ."

"ಹೆದರಿಸಿದ್ರಾ?"

"ಇಲ್ಲ."

"ಮತ್ತೆ ಏನ್ಮಾಡಿದ್ರು?"

"ಟೀ ಕುಡಿದ್ರು," ಎಂದ ಇರಜ್.

ಅವನು ಗಾಜುಗಳನ್ನು ಚೌಕಟ್ಟಿಗೆ ಕೂರಿಸಿ, ಕಡ್ಡಿಗಳನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸಿ, ಮೇಜಿನ ಮೇಲಿಟ್ಟ. ಗಿರಾಕಿಗಳಿಗೆ ತಾನೇ ತೊಡಿಸಿ ಕಿವಿಯ ಹಿಂದೆ ಬೆರಳಾಡಿಸಿ ನೋಡುವುದು ಅವನ ರೂಢಿ. ಇವತ್ತು ಕೈ ಮುಂದಾಗಲಿಲ್ಲ. ಆಕೆಯೇ ಹಾಕಿಕೊಂಡಳು. ಗೋಡೆಯ ಅಕ್ಷರಗಳ ಹಲಗೆಯನ್ನು ಕೊನೆಯ ಸಾಲಿನವರೆಗೂ ಮೆಲ್ಲಗೆ ಓದಿದಳು. ಆಮೇಲೆ ಅವನನ್ನು ನೋಡಿದಳು. ಅವನು ನೆಲ ನೋಡಿದ.

"ಕೂಹ್‌ಕನ್ ಪಂದ್ಯಕ್ಕೆ ಹೆದರಿ ಓಡ್ಹೋದ ಅಂತ ಮಕ್ಕಳಿಗೆ ಹೇಳಿದೀರಿ. ತಂಗಿ ಮಗಳು ಫೋನಲ್ಲಿ ಓದಿ ಹೇಳಿದ್ಲು. ನಂಗೇನೂ ಬೇಜಾರಿಲ್ಲ, ಅದು ಹೋಗ್ಲಿ. ಎಷ್ಟು ಜನ ಸಹಿ ಹಾಕಿದಾರೆ?"

"ಹತ್ತೊಂಬತ್ತು."

"ನನ್ನ ಬಿಟ್ರೆ ಇನ್ನು ಇಪ್ಪತ್ತು ಉಳೀತು." ಲೆಕ್ಕದ ಮೇಷ್ಟ್ರಂತೆ ತಲೆಯಾಡಿಸಿದಳು. "ಆ ಎರಡನೇ ಪುಟದಲ್ಲಿ ಏನಿದೆ ಅಂತ ಅವರಿಗೆ ಓದಿ ಹೇಳಿ. ನಾನು ಯಾಕೆ ಬರ್ತಿಲ್ಲ ಅಂತಾನೂ ಹೇಳಿ. ನಿಮ್ಮ ಬಾಯಿಂದ. ಅಂಗಡಿಗೆ ಕನ್ನಡಕಕ್ಕೆ ಅಂತ ಬಂದಿಲ್ಲಪ್ಪ ನಾನು. ಪಾವೆಯಲ್ಲೂ ಒಬ್ಬ ಈಗ ಚೆನ್ನಾಗೇ ಮಾಡ್ತಾನೆ."

"ಹೇಳ್ತೀನಿ."

"ಯಾವತ್ತು?"

"ಇವತ್ತೇ. ಆರಕ್ಕೆ."

ಆಕೆ ಹೊರಟಳು. ಬಾಗಿಲಲ್ಲಿ ನಿಂತು ಕೈಗವಸು ಹಾಕಿಕೊಳ್ಳುತ್ತ, "ಮಗು ಯಾವಾಗ?" ಎಂದಳು. ಅವನು ಬೆಚ್ಚಿದ, ಆಮೇಲೆ ನೆನಪಾಯಿತು, ಒಮ್ಮೆ ತಂಡದ ಗುಂಪಿನಲ್ಲಿ ತಾನೇ ಸಿಹಿ ಸುದ್ದಿಯೆಂದು ಹಾಕಿದ್ದ. ಕೂಹ್‌ಕನ್ ಅದರ ಕೆಳಗೆ ಒಂದು ದಾಳಿಂಬೆಯ ಚಿತ್ರ ಇಟ್ಟಿದ್ದ.

"ನೌರೋಜ್ ಹಬ್ಬ ಕಳೆದ ಮೇಲೆ," ಎಂದ.

"ಆರೋಗ್ಯವಾಗಿರ್ಲಿ."

ಸಂಜೆ ಆರಕ್ಕೆ ಕದ ಅರ್ಧ ಇಳಿಸಿದ. ಅರ್ಜಿಯ ಎರಡನೆಯ ಪುಟವನ್ನು ಮುಂದಿಟ್ಟುಕೊಂಡು, ಓದಬೇಕಾದ ಸಾಲುಗಳ ಕೆಳಗೆ ಗೆರೆ ಎಳೆದ. ಆಟದೊಳಗೆ ಹೋಗುತ್ತಲೇ ಕಿವಿಯ ತುಂಬ ಗದ್ದಲ.

"ಅಣ್ಣ ಬಂದ್ರು, ಅಣ್ಣ ಬಂದ್ರು. ಸುಮ್ನಿರ್ರೋ. ಪೆಜ್ಮಾನ್, ಹೇಳೋ."

ಪೆಜ್ಮಾನ್ ಹರ್ಸೀನ್ ಎಂಬ ಊರಿನ ಹುಡುಗ, ಹತ್ತೊಂಬತ್ತು ವರ್ಷ. "ಇರಜಣ್ಣ, ಪತ್ರ ಬಂತು. ಡ್ರೋನ್ ವಿಭಾಗಕ್ಕೆ ಆರಿಸಿದಾರೆ. ಗಡಿಗೆ ಹೋಗಿ ಹಿಮ ಕಾಯೋದು ತಪ್ತು. ಅಮ್ಮ ಬೆಳಗ್ಗಿಂದ ಅಳ್ತಿದಾಳೆ ಖುಷೀಲಿ. ನಿಮಗೆ ಅಂತ ಅಕ್ಕಿ ಬಿಸ್ಕತ್ತು ಮಾಡ್ತಿದಾಳೆ. ನೀವಿಲ್ದಿದ್ರೆ ಇದೆಲ್ಲಿ ಆಗ್ತಿತ್ತು ಅಣ್ಣ."

"ನಂದೂ ಬರತ್ತೆ ನೋಡ್ತಿರಿ," ಎಂದ ಇನ್ನೊಬ್ಬ. "ನಾನೂ ನಾಳೆ ಸಹಿ ಹಾಕಿ ಕಳಿಸ್ತೀನಿ."

"ಆ ಕೂಹ್‌ಕನ್ ಇದ್ದಿದ್ರೆ ಅವನಿಗೇ ಮೊದಲು ಸಿಗ್ತಿತ್ತು. ಪುಕ್ಕಲು ನನ್ಮಗ."

ನಗು ಎದ್ದಿತು. ಇರಜ್ ಮೈಕಿನ ಗುಂಡಿ ಒತ್ತಿ, "ಒಳ್ಳೇದಾಯ್ತು ಪೆಜ್ಮಾನ್," ಎಂದ. "ಅಮ್ಮನಿಗೆ ನನ್ನ ಸಲಾಮ್ ಹೇಳು." ಗುಂಡಿ ಬಿಟ್ಟ. ಪುಟದ ಮೇಲೆ ಅಂಗೈ ಇಟ್ಟುಕೊಂಡು ಕೂತ. ಹಬ್ಬದ ಮನೆಯಲ್ಲಿ ಇಂಥ ಮಾತು ಹೇಗೆ ಎತ್ತುವುದು, ಹುಡುಗನ ಖುಷಿ ಒಂದು ದಿನವಾದರೂ ಇರಲಿ, ನಾಳೆ ಹೇಳಿದರಾಯಿತು ಎಂದುಕೊಂಡ. ಹಾಗೆಂದುಕೊಂಡಾಗ ಒಳಗೆ ಹಗುರವಾಯಿತು. ಆ ಹಗುರವೇ ಅವನ ಕಿವಿ ಬಿಸಿ ಮಾಡಿತು.

ಆಗ ಪರದೆಯ ಬಲಗಡೆ, ಬೂದಾಗಿ ಮಲಗಿದ್ದ ಹೆಸರುಗಳ ನಡುವೆ ಒಂದು ಹಸಿರಾಯಿತು. ಕೂಹ್‌ಕನ್.

ಹುಡುಗರ ನಗು ಅರ್ಧಕ್ಕೆ ನಿಂತಿತು. "ಲೋ, ನೋಡ್ರೋ," ಎಂದ ಯಾರೋ. "ಎಲ್ಲಿಗ್ ಹೋಗಿದ್ಯೋ ಗುರೂ?" ಎಂದ ಇನ್ನೊಬ್ಬ. ಅಲ್ಲಿಂದ ಏನೂ ಬರೆದು ಬರಲಿಲ್ಲ. ಹೆಸರು ಮಾತ್ರ ಇತ್ತು. ಆಕೆ ಬರೆದುಕೊಟ್ಟಿರುವ ಕಾಗದ ಯಾವುದೋ ಕಚೇರಿಯ ಕಡತದಲ್ಲಿದೆ, ಹೀಗೆ ಒಂದು ನಿಮಿಷ ಕಂಡರೂ ಪಿಂಚಣಿ ನಿಲ್ಲಲು ಸಾಕು ಎಂಬುದು ಅಲ್ಲಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಇರಜ್ ಗುಂಡಿ ಒತ್ತಿ ಹಿಡಿದ.

"ಅಣ್ಣ?" ಎಂದ ಪೆಜ್ಮಾನ್. "ಏನೋ ಹೇಳ್ಬೇಕು ಅಂತಿದೀರಾ?"

ಅರ್ಧ ಇಳಿಸಿದ ಕದದ ಆಚೆ ಬೇಯಿಸಿದ ಬೀಟ್‌ರೂಟಿನ ಗಾಡಿಯವನು ಬಿಸಿ ಬಿಸಿ ಎಂದು ಕೂಗುತ್ತ ಹಿಮದಲ್ಲಿ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ. ಅವನ ಕೂಗು ಅಂಗಡಿಯೊಳಕ್ಕೆ ಬಂದು, ತೆರೆದ ಮೈಕಿನಿಂದ ಹಾದು, ಊರೂರುಗಳಲ್ಲಿ ಕಾಯುತ್ತ ಕೂತಿದ್ದ ಎಲ್ಲರ ಕಿವಿಗಳಲ್ಲೂ ಕೇಳಿತು.