ಎಡಮೂಲೆಯ ಬೂದು

ಬಾಯಿ ಒಣಗಿಹೋಗಿದೆ, ಹತ್ತಿಗೂ ನಾಲಿಗೆಗೂ ಒಂದೇ ರುಚಿ, ಥೂ, ಒಂದು ಗುಟುಕು ನೀರು ಕುಡಿದು ಮತ್ತೆ ಉಗಿಯಬೇಕು — ಹಳೇ ಚಿತ್ರ ತೊಳೆಯುವವರಿಗೆಲ್ಲ ಗೊತ್ತು, ಔಷಧಿಗೆ ಜಗ್ಗದ ಕೊಳೆ ಉಗುಳಿಗೆ ಬಿಡುತ್ತದೆ, ಕಡ್ಡಿಗೆ ಹತ್ತಿ ಸುತ್ತು, ನಾಲಿಗೆಗೆ ಒತ್ತು, ಚಿತ್ರದ ಮೇಲೆ ಉರುಳಿಸು, ಮೂವತ್ತು ವರ್ಷದಿಂದ ಇದೇ ಕಸುಬು, ಆದರೆ ಇವತ್ತು ಉಗಿಯುತ್ತಿರುವುದು ಅಪ್ಪನ ಚಿತ್ರದ ಮೇಲೆ, ಆಹಾ, ಉಗಿಯುವುದಕ್ಕೆ ಸಂಬಳ ಬೇರೆ. ನಾನು ಯಾರ ಮಗಳೆಂದು ಕೆಲಸ ಕೊಟ್ಟ ಚಿತ್ರವ್ಯಾಪಾರಿಗೆ ಗೊತ್ತಿಲ್ಲ. ಅವರಿಗೆ ಇದು ತಮ್ಮ ಸಂಗ್ರಹದ ಕಿರೀಟ, ಯುದ್ಧ ಮುಗಿದ ಮಾರನೇ ವರ್ಷದ್ದು, ನೆಲಕ್ಕಿಟ್ಟು ಗೋಡೆಗೆ ಒರಗಿಸಿದರೆ ಆಳೆತ್ತರದ ಕಪ್ಪು, ನಡುವೆ ಸೀಳಿದ ಹಾಗೆ ಕೆಂಪು, ಎಡಗಡೆ ಕೆಳಮೂಲೆಯಲ್ಲಿ ಒಂದಿಷ್ಟು ಬೂದು. ನೋಡಮ್ಮಾ, ಆ ಬೂದು ಆಮೇಲೆ ಯಾರೋ ಬಳಿದಿದ್ದು, ತೆಗೆದುಬಿಡು, ನಾಲ್ಕು ಗಂಟೆಗೆ ಕೊಳ್ಳೋರು ಬರ್ತಾರೆ, ಯುದ್ಧದ ಸಂಕಟ ಪೂರ್ತಿ ಕಾಣ್ಬೇಕು, ಅಂದಿದ್ದಾರೆ. ಯುದ್ಧದ ಸಂಕಟವಂತೆ, ಮಣ್ಣು! ಅಪ್ಪ ಯುದ್ಧದುದ್ದಕ್ಕೂ ಉಗ್ರಾಣದಲ್ಲಿ ಕೂತು ಬೂಟು ಎಣಿಸಿದವನು, ಒಂದು ಗುಂಡಿನ ಸದ್ದು ಕೇಳಿದವನಲ್ಲ, ತೋಳಿನ ಮೇಲಿನ ಅರ್ಧಚಂದ್ರದಂಥ ಗಾಯ ತೋರಿಸಿ ಯುದ್ಧದ್ದು ಯುದ್ಧದ್ದು ಎಂದು ಕೊಚ್ಚಿಕೊಳ್ಳುತ್ತಿದ್ದ, ಎಲ್ಲಿ ಬಿದ್ದು ಮಾಡಿಕೊಂಡಿದ್ದನೋ. ಅವನು ಹೊಡೆದದ್ದೆಲ್ಲ ಮನೆಗೆ ಬಂದ ಮೇಲೆ.

ಬೆಲ್ಟಿನಿಂದ, ಚೌಕಟ್ಟಿನ ಪಟ್ಟಿಯಿಂದ, ಕೈಗೆ ಸಿಕ್ಕಿದ್ದರಿಂದ, ಅಮ್ಮನ ತಲೆ ಗೋಡೆಗೆ ದಪ್ಪೆಂದು ಬಡಿದದ್ದು ಈಗಲೂ ಕಿವಿಯಲ್ಲಿದೆ, ಹೊಡೆದು ಸುಸ್ತಾದರೆ ಕುಂಚ ಹಿಡಿಯುತ್ತಿದ್ದ. ನನ್ನ ಮೇಲೆ ಮಾತ್ರ ಒಂದು ದಿನವೂ ಕೈ ಎತ್ತಲಿಲ್ಲ, ಅದೊಂದಕ್ಕೇ ಅವನನ್ನು ಇನ್ನೂ ಅಪ್ಪ ಎನ್ನುತ್ತೇನೆ. ಬೂದು ಬಳಿದವಳು ಅಮ್ಮ. ಅವನು ಸತ್ತ ಮಾರನೇ ವಾರ, ಗೋಡೆಗೆ ಬಳಿದು ಉಳಿದ ಡಿಸ್ಟೆಂಪರ್ ತಂದು, ಏನಮ್ಮಾ ಮಾಡ್ತಿದ್ದೀಯಾ, ಕೊಳೆಯಾಗಿತ್ತು ಕಣೇ, ಸುಮ್ನಿರು. ಕೊಳೆಯಂತೆ! ಅದರ ಕೆಳಗಿರುವುದು ಅವಳ ಕೈಯೆಂದು ನನಗೆ ಗೊತ್ತಿರಲಿಲ್ಲವೇ. ಅವನು ಈ ಚಿತ್ರ ಬರೆದಾಗ ನನಗೆ ಆರು ವರ್ಷ, ಬೆಳಗಿನ ಬಿಸಿಲು, ಹಸಿ ಕಪ್ಪಿನ ಎಣ್ಣೆವಾಸನೆ, ಗುಡಿಸುವಾಗ ಚಿತ್ರಕ್ಕೆ ಪೊರಕೆ ತಗುಲಿತೆಂದು ಅಪ್ಪ ಅವಳ ಮಣಿಕಟ್ಟು ಹಿಡಿದೆಳೆದ, ಮುಟ್ತೀಯಾ, ಮುಟ್ತೀಯಾ, ಮುಟ್ಟು, ಚೆನ್ನಾಗಿ ಮುಟ್ಟು — ಅಂಗೈಯನ್ನು ಬಣ್ಣಕ್ಕೆ ಅದುಮಿದ, ಲಟಕ್ಕೆಂದು ಏನೋ ಮುರಿಯಿತು, ಯಾರೋ ಕಿರುಚಿದರು, ಅಮ್ಮನೇ, ಇನ್ಯಾರು. ನಾನು ಮೇಜಿನ ಕೆಳಗಿದ್ದೆ. ಅವಳು ಸಾಯುವವರೆಗೂ ಹಂಗಿಸಿದೆ, ಒಂದು ಸಲವಾದ್ರೂ ತಿರುಗಿ ಹೊಡೆದ್ಯಾ, ಅವನು ಮಾಡಿದ್ದಕ್ಕೆಲ್ಲ ನೀನೇ ತಿಪ್ಪೆ ಸಾರಿಸ್ದೆ, ಹೇಡಿ — ಅವಳು ನನ್ನ ಎಡಗೈ ಎಳೆದುಕೊಂಡು ಕಿರುಬೆರಳು ನೀವುತ್ತ ಕೂರುತ್ತಿದ್ದಳು, ಸೊಟ್ಟ ಕಿರುಬೆರಳು, ಉಯ್ಯಾಲೆಯಿಂದ ಬಿದ್ದೆ ಕಣೇ ನೀನು ಚಿಕ್ಕೋಳಿದ್ದಾಗ, ಬಿಡಮ್ಮಾ ನೋಯಲ್ಲ, ಕೈ ಕಿತ್ತುಕೊಳ್ಳುತ್ತಿದ್ದೆ. ಇರಲಿ. ಇವತ್ತು ಅವಳ ಕೈ ಹೊರಗೆ ತರುತ್ತೇನೆ, ನಾಲ್ಕು ಗಂಟೆಗೆ ಬರುವ ಮಹಾಶಯರ ಮುಂದೆ ನಿಂತು ಹೇಳುತ್ತೇನೆ, ಇದು ಯುದ್ಧ ಅಲ್ಲ ಸ್ವಾಮೀ, ನಮ್ಮಮ್ಮ.

ಉಗಿ, ಉರುಳಿಸು, ಬೂದು ಬೆಣ್ಣೆಯ ಹಾಗೆ ಕರಗುತ್ತಿದೆ, ಹತ್ತಿ ಬದಲಿಸು, ಹೆಬ್ಬೆರಳ ಬುಡ ಕಂಡಿತು, ಗೀರು ಗೀರು ಕಪ್ಪು, ಅಂಗೈ — ಯಾಕೆ ಇಷ್ಟು ಕೆಳಗಿದೆ, ನನ್ನ ಸೊಂಟಕ್ಕಿಂತ ಕೆಳಗೆ, ಅಮ್ಮ ಮಂಡಿಯೂರಿದ್ದಳೇ, ಯಾಕೆ ಇಷ್ಟೇ ಇಷ್ಟು, ಅಮ್ಮನದು ಬಟ್ಟೆ ಒಗೆದೊಗೆದು ಅಗಲವಾದ ಕೈ, ತೋರುಬೆರಳು, ನಡುಬೆರಳು, ನಿಲ್ಲು, ಮೇಜಿನ ಕೆಳಗಿದ್ದರೆ ಎಣ್ಣೆವಾಸನೆ ಮೂಗೊಳಕ್ಕೆ ಹೇಗೆ ನುಗ್ಗಿತು, ಕಪ್ಪು ನನ್ನ ಮೂಗಿಗೇ ಮೆತ್ತಿತ್ತು, ಪೊರಕೆಯ ಸದ್ದು ಆಚೆ ಕೋಣೆಯಲ್ಲಿತ್ತು, ನಾನು ಒಂದೇ ಒಂದು ಬೆರಳಲ್ಲಿ ಮುಟ್ಟಿದ್ದೆ, ಹೊಳೆಯುತ್ತಿತ್ತಲ್ಲ ಅಂತ, ಮುಟ್ತೀಯಾ, ಚೆನ್ನಾಗಿ ಮುಟ್ಟು, ಲಟಕ್ — ಅಮ್ಮ ಪೊರಕೆ ಬಿಸಾಕಿ ಓಡಿ ಬಂದಳು, ಮಗು ಕಣ್ರೀ, ಬಿಡ್ರೀ, ಮಗು, ಅವನ ಬೆನ್ನಿಗೆ ಗುದ್ದಿದಳು, ತೋಳಿಗೆ ಬಾಯಿ ಹಾಕಿ ಕಚ್ಚಿದಳು, ರಕ್ತ ಬರುವವರೆಗೂ ಬಿಡಲಿಲ್ಲ, ಅರ್ಧಚಂದ್ರದಂಥ ಗಾಯ, ಅಯ್ಯೋ ಅಮ್ಮಾ, ಹೇಡಿ ಅಂದೆನಲ್ಲೇ ನಿನ್ನನ್ನ. ಹತ್ತಿ ಉರುಳುತ್ತಲೇ ಇತ್ತು, ಉಳಿದ ಬೂದೂ ಹೋಗಿದೆ, ಬಲಗೈಗೆ ಬ್ಲೇಡು ಯಾವಾಗ ಬಂತೋ, ಕೆಂಪಿನೊಳಗೆ ಇಳಿದಿದೆ, ಚರ್ರೆಂದು ಮೇಲಿಂದ ಕೆಳಕ್ಕೆ, ಅವನ ಹೊಟ್ಟೆಯನ್ನೇ ಬಗೆದಂತೆ, ಇನ್ನೂ, ಇನ್ನೂ, ಎಡಕ್ಕೆ, ಕೆಳಕ್ಕೆ, ಆಯ್ತೇನಮ್ಮಾ, ಬಂದ್ರು ಅವರು, ಆಯ್ತು ಸ್ವಾಮೀ ಆಯ್ತು, ಬ್ಲೇಡು ನಿಂತುಬಿಟ್ಟಿದೆ, ಮುಂದಕ್ಕೆ ಹೋಗುತ್ತಿಲ್ಲ, ಅದರ ತುದಿಗೆ ಕೂದಲೆಳೆ ದೂರದಲ್ಲಿ ಕಿರುಬೆರಳು, ಗೆಣ್ಣಿನ ಹತ್ತಿರ ಹೊರಕ್ಕೆ ಸೊಟ್ಟಗೆ ತಿರುಗಿದ, ಇಷ್ಟೇ ಇಷ್ಟು ಕಿರುಬೆರಳು, ಕಿರುಬೆರಳು