ಒಣಗಿದ ಗೋಡೆಯ ಸಾಕ್ಷಿ

ಬಳ್ಳಾರಿ ಸತ್ಯನಾರಾಯಣಪೇಟೆಯ ಬಡಗಿ ದಾದಾಪೀರ್ ಯಾವ ಗಿರಾಕಿ ಸಿಕ್ಕರೂ ಒಂದು ಪಾಠ ಒಪ್ಪಿಸುತ್ತಿದ್ದ. ಎಂಡಿಎಫ್ ಅಂದರೆ ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆ, ತೇವ ಕಂಡರೆ ಕುಡಿದು ಉಬ್ಬುತ್ತದೆ. ಬಳ್ಳಾರಿ ಬಿಸಿಲಲ್ಲಿ ಒಣಗಿದ ಹಲಗೆಯನ್ನು ಹೊಸ ಮನೆಯಲ್ಲಿ ಒಂದು ವಾರ ಮಲಗಿಸಿ ಅಲ್ಲಿನ ಹವೆಗೆ ಒಗ್ಗಿಸಬೇಕು. ಗೋಡೆಯ ಹಸಿ ಆರುವ ತನಕ ಒಂದು ಮೊಳೆಯನ್ನೂ ಹೊಡೆಯಬಾರದು. ಇಷ್ಟು ಹೇಳಿ, ಕಿಸೆಯಿಂದ ತೇವ ಅಳೆಯುವ ಮೀಟರ್ ತೆಗೆದು ಅದರ ಎರಡು ಸೂಜಿಗಳನ್ನು ದೊಡ್ಡ ಡಾಕ್ಟರನ ಗತ್ತಿನಲ್ಲಿ ತೋರಿಸುತ್ತಿದ್ದ. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಅಂತಾರಲ್ಲ, ಹಾಗಾಯಿತು ಅವನ ಕಥೆ.

ಸಿರುಗುಪ್ಪದಲ್ಲಿ ಕೊಟ್ರಮ್ಮನ ಹೊಸ ಮನೆ. ಹಿಂದೆ ಕಾಲುವೆ, ಅದರಾಚೆ ಭತ್ತದ ಗದ್ದೆ. ಅಡುಗೆಮನೆಯ ಹಿಂಗೋಡೆಗೆ ಸಿಮೆಂಟಿನ ಗಿಲಾವು ಮಾಡಿ ಇನ್ನೂ ಮೂರು ವಾರ ಆಗಿರಲಿಲ್ಲ. ಮೀಟರ್ ಚುಚ್ಚಿದರೆ ಇಪ್ಪತ್ತಾರು ತೋರಿಸಿತು. ಹನ್ನೆರಡು ದಾಟಬಾರದು ಎಂಬುದು ಅವನದೇ ಕಟ್ಟಳೆ. ಆದರೆ ಗೃಹಪ್ರವೇಶಕ್ಕೆ ಆರೇ ದಿನ ಇತ್ತು, ಅವನಾಗಲೇ ‘ದಾದಾಪೀರನ ಮಾತಂದ್ರ ಮಾತು’ ಎಂದು ಎದೆ ತಟ್ಟಿಕೊಂಡಾಗಿತ್ತು. ಸುತ್ತ ನೋಡಿದ, ಯಾರೂ ಇರಲಿಲ್ಲ. ಮೀಟರನ್ನು ಕಿಸೆಗಿಳಿಸಿ ಕಪಾಟುಗಳನ್ನು ಗೋಡೆಗೆ ಬಡಿದುಬಿಟ್ಟ. ಗೃಹಪ್ರವೇಶದ ದಿನ ಕೊಟ್ರಮ್ಮ ಅವನನ್ನು ಕುರ್ಚಿಯ ಮೇಲೆ ಕೂರಿಸಿ ನೀಲಿ ಶರ್ಟು ಉಡುಗೊರೆ ಕೊಟ್ಟು ಆಯೇರಿ ಮಾಡಿದಳು.

ನಾಲ್ಕು ತಿಂಗಳಿಗೆ ಫೋನು ಬಂತು: ಕಪಾಟು ಉಬ್ಬಿದೆ, ಬಂದು ನೋಡು. ಬಸ್ಸಿಳಿದ ಮೇಲೆ ಅವನಿಗೆ ತಾನು ಅದೇ ನೀಲಿ ಶರ್ಟು ಹಾಕಿಕೊಂಡು ಬಂದಿರುವುದು ಗಮನಕ್ಕೆ ಬಂತು. ಆ ಶರ್ಟು ಮೈಗೆ ಮುಳ್ಳಿನಂತೆ ಚುಚ್ಚತೊಡಗಿತು.

ಕಪಾಟಿನ ಕೆಳಗಿನ ಹಲಗೆಗಳು ದಪ್ಪಗೆ ಊದಿದ್ದವು, ಬಾಗಿಲು ಮುಚ್ಚುತ್ತಿರಲಿಲ್ಲ. ಕೊಟ್ರಮ್ಮ ಅವನಿಗೇ ಸಮಾಧಾನ ಹೇಳತೊಡಗಿದಳು.

“ನಿನ್ನ ಕೆಲಸ ಬಂಗಾರದಂಥಾದ್ದು ಬಿಡಪಾ ದಾದಾಪೀರ. ನಮ್ಮ ಸುನಂದಾಂದು ಈ ಕಿತಾಪತಿ. ಹಸಿ ಬಟ್ಟಿ ತಗೊಂಡು ದಿನಾ ಒರೆಸಿ ಒರೆಸಿ ಹಾಳು ಮಾಡ್ಯಾಳ. ಎಷ್ಟು ಬೈದ್ರೂ ನಾ ಮಾಡಿಲ್ಲ ಅಂತಾಳ. ಈಗ ಬಟ್ಟಿ ಮುಟ್ಟಾಕ ಬಿಟ್ಟಿಲ್ಲ ನೋಡು ನಾನು.”

ಒಲೆಯ ಹತ್ತಿರ ನಿಂತಿದ್ದ ಸೊಸೆ ಸುನಂದಾ ತಲೆ ಎತ್ತಲಿಲ್ಲ. ಅವನ ಮುಂದೆ ಚಹಾ ಇಟ್ಟು ಹಿಂದೆ ಸರಿದಳು. ಚಹಾ ಅಲ್ಲೇ ಬಿಟ್ಟು ಅವನು ಕಪಾಟಿನೊಳಗೆ ಕೈ ಹಾಕಿ ನೋಡಿದ; ಉಬ್ಬು ಹಿಂದಿನಿಂದಲೇ ಬಂದಿತ್ತು. ಹಿಂಬದಿಯ ಹಲಗೆಗೆ ಬಣ್ಣದ ಒಂದು ಕೈ ಕೂಡ ಹಚ್ಚಿರಲಿಲ್ಲವಲ್ಲ ಅವನು! ಗೋಡೆಯ ನೀರೆಲ್ಲ ನೇರ ಅಲ್ಲಿಗೇ ಹೋಗಿತ್ತು.

ಹಸಿ ಗೋಡೆಯೇ ನಿಜ ಹೇಳಲಿ, ತಾನು ಬಾಯಿ ಬಿಡುವುದು ತಪ್ಪಲಿ ಎಂದುಕೊಂಡು ಗೋಡೆಗೆ ಮೀಟರ್ ಚುಚ್ಚಿದ. ಹೇಡಿಯ ಲೆಕ್ಕಾಚಾರ ಅದು. ಹನ್ನೊಂದು ತೋರಿಸಿತು. ಒಂದು ಬೇಸಿಗೆ ದಾಟಿ ಗೋಡೆ ಒಣಗಿತ್ತು.

“ಹನ್ನೆರಡರ ಒಳಗಿದ್ರ ಚಲೋ ಅಂತ ನೀನೇ ಹೇಳಿದ್ದಿ ಹೌದಲ್ಲೋ?” ಕೊಟ್ರಮ್ಮ ಕಣ್ಣು ಕಿರಿದು ಮಾಡಿ ಅಂಕಿ ಓದಿ, ಸೊಸೆಯ ಕಡೆ ತಿರುಗಿದಳು. “ನೋಡವ್ವ, ಗೋಡಿ ಒಣಗೇ ಐತಿ! ಮಿಷನ್ನು ಸುಳ್ಳು ಹೇಳತೈತೇನು?”

ಸುನಂದಾಳ ಕಣ್ಣಲ್ಲಿ ನೀರು ತುಂಬಿತು. ಇನ್ನು ಸುಮ್ಮನಿದ್ದರೆ ದಾದಾಪೀರ್ ಬದುಕಿಡೀ ತಪ್ಪಿಸಿಕೊಂಡಂತೆಯೇ, ಯಾರೂ ಕೇಳುವವರಿರಲಿಲ್ಲ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

“ಅಮ್ಮಾರೆ, ಆ ತಾಯಿಗೆ ಏನೂ ಅನ್ನಬ್ಯಾಡ್ರಿ. ಈಗ ಹನ್ನೊಂದೈತಿ. ನಾ ಕಪಾಟು ಹೊಡೆದ ದಿನ ಇಪ್ಪತ್ತಾರು ಇತ್ತು. ಒರೆಸಿದ್ರ ಮುಂದ ಉಬ್ಬಬೇಕು, ಇದು ಹಿಂದಿಂದ ಉಬ್ಬೈತಿ. ತಪ್ಪು ನಂದು. ಎಲ್ಲಾ ಬಿಚ್ಚಿ ಹೊಸಾದು ಮಾಡಿಕೊಡತೀನಿ.”

ಸುನಂದಾ ಮೊದಲ ಸಲ ಅವನನ್ನು ನೇರ ನೋಡಿದಳು.

“ಅವತ್ತ ನೋಡಿದ್ರೇನಣ್ಣ ಇಪ್ಪತ್ತಾರು?”

“ನೋಡಿದ್ದೆ ತಾಯಿ.”

ಅವನು ಬೈಗುಳಕ್ಕೆ ತಲೆ ಬಾಗಿಸಿ ಕಾದ. ಅವಳು ಬೈಯಲಿಲ್ಲ. ಅತ್ತೆ ಮುಟ್ಟಗೊಡದೆ ಗೂಟಕ್ಕೆ ತೂಗುಹಾಕಿದ್ದ ಬಟ್ಟೆ ತೆಗೆದುಕೊಂಡು ಬಕೆಟ್ಟಿನಲ್ಲಿ ಅದ್ದಿ, ಅತ್ತೆಯ ಮುಂದೆಯೇ, ನೀರು ಸೋರುವಂತೆ ಆ ಊದಿದ ಕಪಾಟನ್ನು ಮೇಲಿಂದ ಕೆಳಗಿನವರೆಗೆ ಒರೆಸತೊಡಗಿದಳು.