ಸಿದ್ದಗಂಗಮ್ಮ ನೋಡಿಕೊಂಡ ನೆಟ್‌ವರ್ಕು

ತುಮಕೂರಿನ ಶಿರಾ ಗೇಟ್ ಹತ್ತಿರ ಒಂದು ಟೈರ್ ಅಂಗಡಿಯ ಮಹಡಿ ಮೇಲೆ ‘ನೆರೆಜಾಲ’ ಎಂಬ ಸೇವಾ ಸಂಸ್ಥೆಯ ಎರಡು ಕೋಣೆಯ ಕಚೇರಿಯಿದೆ. ಮೊಬೈಲ್ ಕಂಪನಿಗಳು ಟವರ್ ಹಾಕಲು ಮನಸ್ಸು ಮಾಡದ ಊರುಗಳಿಗೆ ಇಂಟರ್ನೆಟ್ ಮುಟ್ಟಿಸುವುದು, ಅದನ್ನು ನೋಡಿಕೊಳ್ಳಲು ಆ ಊರಿನವರಿಗೇ ಕಲಿಸಿ ತಾನು ಹಿಂದೆ ಸರಿಯುವುದು ಅದರ ಕೆಲಸ. ನೇಪಾಳದಲ್ಲಿ, ಆಫ್ರಿಕಾದ ಮಲಾವಿಯಲ್ಲಿ ಇದೇ ಕೆಲಸಕ್ಕೆ ಕೈಹಾಕಿದವರೂ ಇಲ್ಲಿಗೆ ಬಂದು ಕಲಿತು ಹೋಗುತ್ತಾರೆ. ಸುಮನಾ ಅಲ್ಲಿ ಏಳು ವರ್ಷದಿಂದ ಎಂಜಿನಿಯರ್.

ಕಳೆದ ಶ್ರಾವಣದ ಒಂದು ಬೆಳಿಗ್ಗೆ ಅವಳು ಕಚೇರಿಯ ಕೆಳಗೆ ಸ್ಕೂಟರ್ ನಿಲ್ಲಿಸುತ್ತಿದ್ದಾಗ ಕಿರಣ್‌ಕುಮಾರ್ ಎದುರಾದ. ಗುಬ್ಬಿ ತಾಲ್ಲೂಕಿನ ಕರೇಕಲ್ಲುಪಾಳ್ಯದವನು, ಡಿಪ್ಲೊಮಾ ಓದಿದವನು. ಆ ಊರಿನ ನೆಟ್‌ವರ್ಕ್ ನೋಡಿಕೊಳ್ಳಲು ಎರಡು ವರ್ಷದ ಹಿಂದೆ ಅವನನ್ನು ಆರಿಸಿ ಕಲಿಸಿದವಳು ಸುಮನಾಳೇ.

“ನಿಮ್ಮೂರಿನ ನೆಟ್‌ವರ್ಕ್ ಗ್ರಾಫ್ ಯಾವಾಗ್ ನೋಡಿದ್ರೂ ಹಸಿರು ಕಣೋ. ಮಲಾವಿಯವ್ರಿಗೆ ನಿನ್ನ ಹೆಸ್ರೇ ಹೇಳ್ತಿದೀನಿ,” ಎಂದಳು.

ಅವನು ನೆಲ ನೋಡಿದ. “ಮೇಡಂ, ನಾನು ಬಿಟ್ಟು ಐದ್ ತಿಂಗ್ಳಾಯ್ತು. ಬಿದರೆಹಳ್ಳಿ ಕಾವಲ್ ಫ್ಯಾಕ್ಟ್ರೀಲಿ ಕಾಂಟ್ರಾಕ್ಟ್ ಕೆಲ್ಸ ಸಿಕ್ತು. ನಿಮಗೆ ಹೇಳೋಕೆ ಮುಖ ಇಲ್ದೆ ಸುಮ್ನಾಗ್ಬಿಟ್ಟೆ.”

“ಮತ್ತೆ ಯಾರು ನೋಡ್ಕೊಂತಿದಾರೆ?”

“ಯಾರೂ ಇಲ್ಲ. ನೆಟ್‌ವರ್ಕ್ ಬಾಕ್ಸಿನ ಬೀಗದ ಕೈ ನೀರುಗಂಟಿ ಸಿದ್ದಗಂಗಮ್ಮಂಗೆ ಕೊಟ್ಟಿದ್ದೆ. ನೀವು ಬಂದ್ರೆ ಕೊಡ್ಲಿ ಅಂತ, ಅಷ್ಟೇ.”

ಸುಮನಾ ಮೇಲೆ ಹೋಗಿ ಐದು ತಿಂಗಳ ಲೆಕ್ಕವನ್ನೆಲ್ಲ ತೆರೆದು ನೋಡಿದಳು. ಆಷಾಢದ ಗಾಳಿಗೆ ಬೇರೆ ನಾಲ್ಕು ಊರುಗಳ ಸಂಪರ್ಕ ದಿನಗಟ್ಟಲೆ ಸತ್ತುಹೋಗಿತ್ತು. ಕರೇಕಲ್ಲುಪಾಳ್ಯದ್ದು ಒಂದು ಮಧ್ಯಾಹ್ನ ನಲವತ್ತು ನಿಮಿಷ ನಿಂತಿತ್ತು, ಅಷ್ಟೇ. ಅವಳು ಅದನ್ನು ಕರೆಂಟ್ ಹೋಗಿದ್ದು ಎಂದುಕೊಂಡಿದ್ದಳು. ಮರುದಿನವೇ ಊರಿಗೆ ಹೊರಟಳು.

ಕರೇಕಲ್ಲುಪಾಳ್ಯ ಒಂದು ಬಂಡೆಗುಡ್ಡದ ಮಗ್ಗುಲಲ್ಲಿದೆ. ಗುಡ್ಡ ಅಡ್ಡ ಬರುವುದರಿಂದ ಫೋನಿಗೆ ಸಿಗ್ನಲ್ ಇಲ್ಲ. ಗುಬ್ಬಿಯ ಒಂದು ಹಾಸ್ಟೆಲ್ ಚಾವಣಿಯಿಂದ ಬರುವ ಸಿಗ್ನಲನ್ನು ಊರಿನ ನೀರಿನ ಟ್ಯಾಂಕಿನ ತುದಿಯಲ್ಲಿ ಕೂರಿಸಿದ ತಟ್ಟೆಯಾಕಾರದ ಆಂಟೆನಾ ಹಿಡಿಯುತ್ತದೆ. ಅಲ್ಲಿಂದ ಶಾಲೆಗೆ, ರೇಷನ್ ಅಂಗಡಿಗೆ, ಮನೆಗಳಿಗೆ.

ಸಿದ್ದಗಂಗಮ್ಮ ಟ್ಯಾಂಕಿನ ಬುಡದಲ್ಲಿ ವಾಲ್ವ್ ತಿರುಗಿಸುತ್ತಿದ್ದಳು. ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ತೀರಿದ ಮೇಲೆ ಅವನ ನೀರುಗಂಟಿ ಕೆಲಸ ಇವಳಿಗೆ ಬಂದಿತ್ತು. ಸುಮನಾಳನ್ನು ಕಂಡದ್ದೇ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಮುಂದೆ ಚಾಚಿದಳು.

“ತಗಳ್ರವ್ವ. ತಪ್ಪಾಗೋಯ್ತು. ನಾನೇ ಮುಟ್ಟಿದ್ದು.”

“ಏನು ಮುಟ್ಟಿದ್ರಿ?”

“ಎಲ್ಲಾನೂವೆ.”

ತೋರಿಸಿ ಎಂದು ಸುಮನಾ ಕೇಳಿದಳು. ಇಬ್ಬರೂ ಕಬ್ಬಿಣದ ಏಣಿ ಹತ್ತಿದರು. ಅರ್ಧಕ್ಕೆ ಬಂದಾಗ ಸುಮನಾ ಕೆಳಗೆ ನೋಡಿ ಏಣಿಯನ್ನು ಅಪ್ಪಿ ನಿಂತಳು. ಈ ಟ್ಯಾಂಕನ್ನು ಅವಳು ಈವರೆಗೆ ಹತ್ತಿರಲಿಲ್ಲ. ಕೆಳಗೆ ಲ್ಯಾಪ್‌ಟಾಪ್ ಹಿಡಿದು ಕೂತು ಕಿರಣ್‌ಕುಮಾರನಿಗೆ ಕೂಗಿ ಹೇಳುತ್ತಿದ್ದಳು.

“ಕೆಳೀಕೆ ನೋಡ್ಬ್ಯಾಡಿ. ನನ್ ಬಳೆ ನೋಡ್ಕಂಡು ಬನ್ನಿ,” ಎಂದಳು ಮೇಲಿದ್ದ ಸಿದ್ದಗಂಗಮ್ಮ.

ಮೇಲೆ ತಲುಪಿದ ಮೇಲೆ ಅವಳು ಒಂದೊಂದೇ ತೋರಿಸಿದಳು. ಆಂಟೆನಾದ ಬೆನ್ನಲ್ಲಿ ಸಿಗ್ನಲ್ ಎಷ್ಟಿದೆ ಎಂದು ತೋರಿಸುವ ನಾಲ್ಕು ಪುಟ್ಟ ದೀಪಗಳಿವೆ. ಗಾಳಿಗೆ ತಟ್ಟೆ ತಿರುಗಿದಾಗ ಒಂದೇ ದೀಪ ಉಳಿದಿತ್ತು. ಕೂದಲೆಳೆಯಷ್ಟು ತಿರುಗಿಸಿ, ನಿಂತು ನೋಡಿ, ಮತ್ತೆ ತಿರುಗಿಸಿ, ನಾಲ್ಕೂ ಹತ್ತಿದ ಮೇಲೆ ಬೋಲ್ಟ್ ಬಿಗಿದಿದ್ದಳು. ಆಮೇಲೆ, ಮತ್ತೆ ತಿರುಗಿದರೆ ಗುರುತು ಸಿಗಲೆಂದು ಕಂಬದ ಮೇಲೆ ಉಗುರುಬಣ್ಣದಿಂದ ಗೆರೆ ಎಳೆದಿದ್ದಳು. ಬ್ಯಾಟರಿಯ ತುದಿಗೆ ಬಿಳಿ ಕಿಲುಬು ಕಟ್ಟಿದಾಗ ಪಂಪಿನ ಸ್ಟಾರ್ಟರ್ ಉಜ್ಜುವ ಹಾಗೆಯೇ ಉಜ್ಜಿದ್ದಳು. ಅಳಿಲು ಕಡಿದ ವೈರಿಗೆ ಹಳೇ ಪೈಪಿನ ತುಂಡು ತೊಡಿಸಿದ್ದಳು.

“ಒಂದ್ಸಲ ಯಾವ್ದೋ ವೈರು ಕಿತ್ಬುಟ್ಟೆ. ಎಲ್ಲಾ ದೀಪ ಹೋಯ್ತು. ಎದೆ ಹಾರೋಯ್ತು ಕಣವ್ವ. ಒಂದೊಂದೇ ಚುಚ್ಚಿ ನೋಡಿ ನೋಡಿ ಕೊನೀಗ್ ಬಂತು.”

ನಲವತ್ತು ನಿಮಿಷದ ಗುಟ್ಟು ಸುಮನಾಳಿಗೆ ತಿಳಿಯಿತು. “ಇದೆಲ್ಲ ಎಲ್ಲಿ ಕಲಿತ್ರಿ?”

“ನೀವು ಸ್ಕೂಲಲ್ಲಿ ಎರಡ್ ದಿನ ಹೇಳ್ಕೊಟ್ರಲ್ಲ, ಬಾಗ್ಲತ್ರ ಕೂತಿದ್ದೆ. ಮಧ್ಯದಲ್ಲಿ ಟೀ ತತ್ತೀರಾ ಅಂದ್ರಿ, ತರಕೋದೆ. ಅದೊಂದೀಟು ತಪ್ಪೋಯ್ತು.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಸುಮನಾ ನೆನಪಿಸಿಕೊಳ್ಳಲು ನೋಡಿದಳು. ಬಾಗಿಲ ಬಳಿ ಯಾರೋ ಕೂತಿದ್ದದ್ದೂ ನೆನಪಿಗೆ ಬರಲಿಲ್ಲ.

“ನಮಗ್ಯಾಕೆ ಒಂದು ಮಾತು ಹೇಳ್ಲಿಲ್ಲ?”

“ಏಳನೇ ಕ್ಲಾಸಿನೋಳು ಮುಟ್ಟವ್ಳೆ ಅಂದ್ರೆ ಬೈತಿದ್ರಿ. ಬಿಚ್ಕೊಂಡು ಹೋಗ್ಬುಟ್ರೆ?” ಸಿದ್ದಗಂಗಮ್ಮ ಗುಡ್ಡದ ಕಡೆ ಕೈ ತೋರಿಸಿದಳು. “ಮೊದ್ಲು ರೇಷನ್‌ಗೆ ಹೆಬ್ಬೆಟ್ಟು ಒತ್ತೋಕೆ ಆ ಬಂಡೆ ಹತ್ತಬೇಕಿತ್ತು. ಅಲ್ಲಿ ಮಾತ್ರ ಮಿಷಿನ್ ಹಿಡೀತಿತ್ತು. ನಮ್ಮತ್ತೇನ ಬೆನ್ಮೇಲೆ ಹೊತ್ಕೊಂಡು ಹತ್ತಿದೀನಿ. ಹೆಬ್ಬೆಟ್ಟಿನ ಗೆರೆ ಸವೆದೋಗಿ ಮೂರ್ ಸಲಾನೂ ತಗಳ್ಲಿಲ್ಲ. ಹಂಗೇ ಹೊತ್ಕೊಂಡು ಇಳ್ದೆ. ಈಗ ಅಂಗ್ಡೀಲೇ ಆಯ್ತದೆ. ದೀಪ ಹೋದ್ರೆ ನಾನು ಸುಮ್ಕೆ ಕೂರೋಕಾಯ್ತದಾ?”

ಸುಮನಾ ಬೀಗದ ಕೈ ವಾಪಸ್ಸು ಅವಳ ಕೈಗೇ ಇಟ್ಟಳು.

ಕಚೇರಿಯ ಮುಖ್ಯಸ್ಥ ಭಾನುಪ್ರಕಾಶ್ ಒಳ್ಳೆಯ ಮನುಷ್ಯ, ಆದರೆ ನಿಯಮದವನು. ಕಿರಣ್‌ಕುಮಾರನ ಜಾಗಕ್ಕೆ ಸಿದ್ದಗಂಗಮ್ಮನನ್ನೇ ತೆಗೆದುಕೊಳ್ಳೋಣ ಎಂದು ಸುಮನಾ ಅವನನ್ನು ಕೇಳಿದಳು. “ಡಿಪ್ಲೊಮಾ ಇರ್ಬೇಕು ಅಂತ ನಾವೇ ಬರ್ದಿದೀವಲ್ಲ ಸುಮನಾ. ಹೊರದೇಶದವ್ರಿಗೂ ಅದನ್ನೇ ಹೇಳ್ಕೊಡ್ತಿದೀವಿ,” ಎಂದ.

“ಮುಂದಿನ ವಾರ ಅವ್ರೇ ಬರ್ತಿದಾರೆ. ಈಯಮ್ಮನ್ನೂ ಕರೆಸ್ತೀನಿ. ಕೇಳಿ, ಆಮೇಲೆ ಹೇಳಿ,” ಎಂದಳು ಸುಮನಾ.

ಸಿದ್ದಗಂಗಮ್ಮ ಮೊದಲು ಒಪ್ಪಲಿಲ್ಲ. ಕೊನೆಗೆ ಬೆಳಗಿನ ನೀರು ಬಿಟ್ಟ ಮೇಲೆ ಬರುವುದು, ಸಂಜೆಯ ನೀರಿನ ಹೊತ್ತಿಗೆ ಊರಲ್ಲಿರುವುದು ಎಂಬ ಮಾತಿನ ಮೇಲೆ ಬಸ್ಸು ಹತ್ತಿದಳು. ತರಬೇತಿಗೆ ನೇಪಾಳದಿಂದ ಮೂವರು, ಮಲಾವಿಯಿಂದ ಇಬ್ಬರು ಬಂದಿದ್ದರು. ಮಲಾವಿಯ ಚಿಸೋಮೊ ಎಂಬ ಎತ್ತರದ ಹೆಂಗಸು ಸುಮನಾಳ ಪಾಠದ ನಡುವೆ ಕೈ ಎತ್ತಿದಳು. ನಾವೂ ಹೀಗೆಯೇ ಓದಿದವರನ್ನು ಆರಿಸಿ ಕಲಿಸುತ್ತೇವೆ, ವರ್ಷದೊಳಗೆ ಅವರು ಪೇಟೆಗೆ ಹೋಗಿಬಿಡುತ್ತಾರೆ, ಆಮೇಲೆ ಯಂತ್ರದ ಮೇಲೆ ಹಕ್ಕಿ ಗೂಡು ಕಟ್ಟುತ್ತದೆ, ಆಗ ನೀವು ಏನು ಮಾಡುತ್ತೀರಿ ಎಂದು ಕೇಳಿದಳು.

ಸುಮನಾ ಹಿಂದಿನ ಕುರ್ಚಿಯಲ್ಲಿದ್ದ ಸಿದ್ದಗಂಗಮ್ಮನನ್ನು ಮುಂದಕ್ಕೆ ಕರೆದಳು. “ನೀವ್ ಹೇಳಿ. ನಾನು ಇಂಗ್ಲಿಷಲ್ಲಿ ಹೇಳ್ತೀನಿ.”

ಸಿದ್ದಗಂಗಮ್ಮ ಮೇಜಿನ ಮೇಲೆ ಪಾಠಕ್ಕೆಂದು ಇಟ್ಟಿದ್ದ ಆಂಟೆನಾವನ್ನು ಕೈಗೆತ್ತಿಕೊಂಡು ಬೆನ್ನು ತಿರುಗಿಸಿದಳು. ಅದು ಕೈಗೆ ಬಂದದ್ದೇ ಮಾತು ಸಲೀಸಾಯಿತು. ಬೋಲ್ಟು ಎಷ್ಟು ಸಡಿಲಿಸಬೇಕು, ದೀಪ ಹತ್ತಲು ಎಷ್ಟು ಹೊತ್ತು ಕಾಯಬೇಕು, ಗಾಳಿ ದಿನ ಯಾಕೆ ಹತ್ತಬಾರದು, ಎಲ್ಲ ಹೇಳಿದಳು. ಸುಮನಾ ಭಾಷಾಂತರ ಮುಗಿಸುವ ಮೊದಲೇ ಚಿಸೋಮೊ ತಲೆಯಾಡಿಸುತ್ತಿದ್ದಳು. ಬಳಿಕ ಅವಳು ಎದ್ದು ಬಂದು, ನಿಮ್ಮೂರಲ್ಲಿ ಗಂಡಸರು ನಿಮ್ಮನ್ನು ಮೇಲೆ ಹತ್ತಲು ಬಿಡುತ್ತಾರಾ ಎಂದು ಕೇಳಿದಳು.

“ನಾನ್ ಹತ್ಲಿಲ್ಲ ಅಂದ್ರೆ ಅವ್ರಿಗೆ ನೀರೆಲ್ಲಿಂದ ಬತ್ತದೆ?” ಎಂದಳು ಸಿದ್ದಗಂಗಮ್ಮ.

ಭಾಷಾಂತರ ಕೇಳಿ ಚಿಸೋಮೊ ಗಹಗಹಿಸಿ ನಕ್ಕಳು. ತಮ್ಮ ಹಳ್ಳಿಗಳಲ್ಲಿ ಬೋರ್‌ವೆಲ್ ಪಂಪು ನೋಡಿಕೊಳ್ಳುವವರೆಲ್ಲ ಹೆಂಗಸರೇ, ಅವರನ್ನು ಕೇಳಬೇಕೆಂದು ತನಗೆ ಹೊಳೆದೇ ಇರಲಿಲ್ಲ ಎಂದಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಭಾನುಪ್ರಕಾಶ್ ಮಧ್ಯಾಹ್ನ ತಾನೇ ಕೂತು ನೇಮಕದ ಪತ್ರ ಟೈಪ್ ಮಾಡಿದ. ‘ನೆಟ್‌ವರ್ಕ್ ಮೇಲ್ವಿಚಾರಕಿ’ ಎಂದು ಅದರಲ್ಲಿತ್ತು. ಸಿದ್ದಗಂಗಮ್ಮ ಅಕ್ಷರ ಕೂಡಿಸಿ ಓದಿ, “ನೀರುಗಂಟಿ ಅಂತಾನೂ ಹಾಕಿ ಸಾಮಿ. ಅದ್ನ ಬುಟ್ಟಿಲ್ಲ ನಾನು,” ಎಂದಳು. ಅವನು ಎರಡನ್ನೂ ಸೇರಿಸಿ ಇನ್ನೊಂದು ಪ್ರತಿ ತೆಗೆದ.

ಕಾರ್ತಿಕದಲ್ಲಿ ಕುಣಿಗಲ್ ಕಡೆಯ ಒಂದು ಹಳ್ಳಿಯಿಂದ ಇಂಟರ್ನೆಟ್‌ಗೆ ಬೇಡಿಕೆ ಬಂತು. ಅಲ್ಲಿ ಕಲಿಯಲು ಮುಂದೆ ಬಂದವಳು ಡೇರಿಯಲ್ಲಿ ಹಾಲು ಅಳೆಯುವ ಮಂಗಳಗೌರಿ. ಶಾಲೆಯ ಚಾವಣಿಯ ಮೇಲೆ ಸಿದ್ದಗಂಗಮ್ಮ ಅವಳ ಪಕ್ಕ ನಿಂತು, ಕೈ ಕಟ್ಟಿಕೊಂಡು, ಆಂಟೆನಾವನ್ನು ಅವಳ ಕೈಯಿಂದಲೇ ತಿರುಗಿಸಿದಳು. ಎರಡು ದೀಪ ಹತ್ತಿತು, ಮೂರು ಹತ್ತಿತು. ನಾಲ್ಕನೆಯದು ಹತ್ತಿ ಮತ್ತೆ ಆರಿತು. ಮಂಗಳಗೌರಿ ಅಳುವಂತಾದಳು.

ಕೆಳಗಿದ್ದ ಸುಮನಾ ಲ್ಯಾಪ್‌ಟಾಪ್ ಮುಚ್ಚಿ, “ನಾನು ಬರ್ಲಾ?” ಎಂದು ಕೂಗಿದಳು.

“ಬ್ಯಾಡ, ಅಲ್ಲೇ ಇರಿ,” ಎಂದು ಸಿದ್ದಗಂಗಮ್ಮ ಮೇಲಿಂದ ಹೇಳಿದಳು. ಆಮೇಲೆ ಮಂಗಳಗೌರಿಯ ಕಡೆ ತಿರುಗಿದಳು. “ಅವಸರ ಏನಿಲ್ಲ ಕಣೇ. ನನಗೆ ಬಸ್ಸು ಮೂರೂವರೆಗೆ. ಇನ್ನೊಂದ್ಸಲ ತಿರುಗ್ಸು.”